ಒಂದೇ ರಸೀದಿ ಎರಡು ಸಲ ಬೀಳದಂತೆ ತಡೆಯುವುದು ಹೇಗೆ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆ ಖರೀದಿ ಕೇಂದ್ರವೊಂದರ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್. ರಸೀದಿ ಪುಸ್ತಕದ ನಂಬರ್ ಟೈಪ್ ಮಾಡಿದಾಗ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಇಟ್ಟ ಸಣ್ಣ ಪ್ರೋಗ್ರಾಂ) ಮೊದಲು ಹುಡುಕುತ್ತದೆ, ಇಲ್ಲದಿದ್ದರೆ ಮಾತ್ರ ಇನ್ಸರ್ಟ್ ಮಾಡುತ್ತದೆ, ಅಂದರೆ ಹೊಸ ಸಾಲು ಸೇರಿಸುತ್ತದೆ. ಆದರೂ ಕೆಲವು ರಸೀದಿ ಎರಡೆರಡು ಸಾಲಾಗಿ ಬೀಳುತ್ತವೆ. ಸದಸ್ಯರ ಪಟ್ಟಿಯಲ್ಲೂ ಇದೇ ಕತೆ. ಒಂದೇ ಹೆಸರು ಎರಡು ಸಲ ಬರದಂತೆ ಹೆಸರಿಗೆ ಯುನೀಕ್ ಹಾಕಲೇ?

ಉತ್ತರ: ನೆಟ್ ನಿಧಾನ ಇದ್ದಾಗ ಸೇವ್ ಬಟನ್ ಎರಡು ಸಲ ಒತ್ತುತ್ತಾರೆ, ಅಲ್ವಾ? ಮೊದಲನೆಯದು ಹುಡುಕಿ, ಬರೆಯುವಷ್ಟರಲ್ಲಿ ಎರಡನೆಯದೂ ಹುಡುಕಿರುತ್ತದೆ. ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ, ಎರಡೂ ಬರೆಯುತ್ತವೆ. ಎರಡೂ ಹೆಜ್ಜೆಗಳನ್ನು ಸುಮ್ನೆ ಒಂದು ಟ್ರಾನ್ಸಾಕ್ಷನ್ (ಒಂದೇ ಕಟ್ಟಾಗಿ ನಡೆಯುವ ಕೆಲಸ) ಒಳಗೆ ಹಾಕಿದರೂ ಇದು ನಿಲ್ಲುವುದಿಲ್ಲ.

ತಡೆಯುವ ಕೆಲಸವನ್ನು ಟೇಬಲ್‌ಗೇ ಕೊಡಿ. ವರ್ಷ, ಪುಸ್ತಕದ ನಂಬರ್, ರಸೀದಿ ನಂಬರ್ ಮೂರನ್ನೂ ಸೇರಿಸಿ ಯುನೀಕ್ ಇಂಡೆಕ್ಸ್ ಹಾಕಿ. ಮೂರೂ ನಾಟ್ ನಲ್ (ಖಾಲಿ ಬಿಡುವಂತಿಲ್ಲ) ಇರಲಿ, ಯಾಕೆಂದರೆ ನಲ್ ಇರುವ ಸಾಲುಗಳನ್ನು ಮೈಎಸ್‌ಕ್ಯೂಎಲ್ ಎಷ್ಟು ಬಂದರೂ ತಡೆಯುವುದಿಲ್ಲ. ಈಗಿರುವ ಜೋಡಿ ಸಾಲುಗಳು ಹೋಗದೆ ಇಂಡೆಕ್ಸ್ ಕೂರುವುದೂ ಇಲ್ಲ. ಆದರೆ ಎರಡಕ್ಕೂ ಹಣ ಪಾವತಿಯಾಗಿದೆಯೇ ಎಂದು ನೋಡದೆ ಅಳಿಸಬೇಡಿ.

ಆಮೇಲೆ ಪ್ರೊಸೀಜರ್ ನೇರವಾಗಿ ಇನ್ಸರ್ಟ್ ಮಾಡಲಿ. ಅದೇ ನಂಬರ್ ಆಗಲೇ ಇದೆ ಎನ್ನುವ 1062 ಎರರ್ ಬಂದರೆ ಹ್ಯಾಂಡ್ಲರ್‌ನಲ್ಲಿ (ಎರರ್ ಬಂದಾಗ ಓಡುವ ಭಾಗ) ಹಿಡಿದು, ಹಳೆಯ ಸಾಲಿನ ತೂಕ, ಮೊತ್ತ ಹೋಲಿಸಿ. ಒಂದೇ ಆಗಿದ್ದರೆ ಎರಡು ಸಲ ಒತ್ತಿದ್ದು, ಬಿಟ್ಟುಬಿಡಿ. ಬೇರೆಯಾಗಿದ್ದರೆ ಯಾರೋ ನಂಬರ್ ತಪ್ಪು ಹೊಡೆದಿದ್ದಾರೆ, ಅದನ್ನು ಪರದೆ ಮೇಲೆ ತೋರಿಸಲೇಬೇಕು. ಜೋಡಿ ಸಾಲನ್ನು ಸದ್ದಿಲ್ಲದೆ ಬಿಡುವ ಇನ್ಸರ್ಟ್ ಇಗ್ನೋರ್ ಸುಲಭ, ಆದರೆ ಬೇರೆ ಎಷ್ಟೋ ಎರರ್‌ಗಳನ್ನೂ ಅದು ಬರೀ ವಾರ್ನಿಂಗ್ ಮಾಡಿಬಿಡುತ್ತದೆ. ರೈತರ ದುಡ್ಡಿನ ಲೆಕ್ಕಕ್ಕೆ ಅದು ಬೇಡ.

ಹೆಸರಿಗೆ ಮಾತ್ರ ಯುನೀಕ್ ಹಾಕಲೇಬೇಡಿ. ಕಾಸರಗೋಡಿನಲ್ಲಿ ಒಬ್ಬರದೇ ಹೆಸರು ಒಂದು ದಾಖಲೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ, ಮತ್ತೊಂದರಲ್ಲಿ ಇಂಗ್ಲಿಷ್. ಮಲಯಾಳದಲ್ಲೇ ಇನ್ನೊಂದು ತೊಡಕಿದೆ. ಮೋಹನನ್ ಎಂಬ ಹೆಸರಿನ ಕೊನೆಗೆ ಬರುವಂಥ ಚಿಲ್ಲಕ್ಷರಗಳಿಗೆ (ಸ್ವರ ಸೇರದ ವ್ಯಂಜನಗಳು) ಯೂನಿಕೋಡ್‌ನಲ್ಲಿ ಸ್ವಂತ ಕೋಡ್ ಸಿಕ್ಕಿದ್ದು 2008ರಲ್ಲಿ, 5.1ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಮೂರು ಕೋಡ್ ಸೇರಿಸಿ ಬರೆಯುತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಒಳಗೆ ಬೇರೆ. ಯೂನಿಕೋಡ್ ನಾರ್ಮಲೈಸ್ (ಬೇರೆ ಬೇರೆ ಕೋಡ್ ರೂಪಗಳನ್ನು ಒಂದಾಗಿಸುವುದು) ಮಾಡಿದರೂ ಇವು ಒಂದಾಗುವುದಿಲ್ಲ. ಇತ್ತ ಒಂದೇ ಹೆಸರಿನ ಇಬ್ಬರು ಬೇರೆ ಸದಸ್ಯರು ಬಂದರೆ ಎರಡನೆಯವರಿಗೆ ಬಾಗಿಲು ಮುಚ್ಚಿದಂತೆ.

ಯುನೀಕ್ ಇರಬೇಕಾದ್ದು ಸದಸ್ಯತ್ವ ಸಂಖ್ಯೆಗೆ. ಹೊಸಬರನ್ನು ಸೇರಿಸುವಾಗ ಹೋಲುವ ಹೆಸರು ಸಿಕ್ಕರೆ ಮನೆ ಹೆಸರು, ತಂದೆಯ ಹೆಸರನ್ನು ಕೌಂಟರಿನವರಿಗೆ ತೋರಿಸಿ. ಎದುರಿಗೆ ನಿಂತವರನ್ನೇ ಕೇಳಿ ಅವರು ತೀರ್ಮಾನಿಸಲಿ.