ಕೋವಿಡ್‌ನಿಂದ ಇಂಗ್ಲೆಂಡಿನ ಜನಾಂಗೀಯ ಅಲ್ಪಸಂಖ್ಯಾತರಲ್ಲಿ ಹೆಚ್ಚು ಸಾವು ಏಕೆ? ವಂಶವಾಹಿ ಕಾರಣವೇ?

ಮುಖ್ಯ ಕಾರಣ ವಂಶವಾಹಿಯಲ್ಲ, ಸೋಂಕು ತಗಲುವ ಅವಕಾಶವೇ ಅವರಿಗೆ ಹೆಚ್ಚಿದ್ದದ್ದು. ಬಸ್ಸು, ಟ್ಯಾಕ್ಸಿ ಓಡಿಸುವವರು, ಆಸ್ಪತ್ರೆಯಲ್ಲಿ ದುಡಿಯುವವರು ಮನೆಯಲ್ಲಿ ಕೂತು ಕೆಲಸ ಮಾಡುವಂತಿರಲಿಲ್ಲ. ಇವರಲ್ಲಿ ಅಲ್ಪಸಂಖ್ಯಾತರ ಪಾಲು ದೊಡ್ಡದು. ಮೂರು ತಲೆಮಾರು ಒಂದೇ ಇಕ್ಕಟ್ಟಾದ ಮನೆಯಲ್ಲಿದ್ದರೆ, ದುಡಿಯುವವರು ಹೊತ್ತು ತಂದ ವೈರಸ್ಸು ವಯಸ್ಸಾದವರನ್ನು ಬೇಗ ಮುಟ್ಟುತ್ತದೆ. ಮಧುಮೇಹವೂ ಇದ್ದರೆ ಅಪಾಯ ಇನ್ನಷ್ಟು.

2020ರ ಮೊದಲ ಅಲೆಯಲ್ಲಿ ಸಾವಿನ ದರ ಅತಿ ಹೆಚ್ಚಿದ್ದದ್ದು ಆಫ್ರಿಕಾ ಮೂಲದ ಕಪ್ಪು ಜನರಲ್ಲಿ; ಎರಡನೆಯ ಅಲೆಯಲ್ಲಿ ಬಾಂಗ್ಲಾದೇಶ ಮೂಲದವರಲ್ಲಿ. ಅಷ್ಟರಲ್ಲಿ ಯಾರ ವಂಶವಾಹಿಯೂ ಬದಲಾಗಿರಲಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾದಾಗ ಚಿಕಿತ್ಸೆ ತಡವಾಗುವ ಅಪಾಯವಿದೆ.