ರೋಲರ್ ಕೋಸ್ಟರ್‌ಗೆ ಅಲಂಕಾರ ಬೇಕೇ, ಹಳಿಯ ಓಟವೊಂದೇ ಸಾಲದೇ?

ಬೇಕು, ಆದರೆ ಆ ಅಲಂಕಾರ ಓಟಕ್ಕೆ ಏನನ್ನಾದರೂ ಸೇರಿಸಬೇಕು.

ನಾನು ಮೂಡಿಗೆರೆಯವನು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ನಿಧಾನವಾಗಿಯೇ ಇಳಿಯುತ್ತದೆ. ಆದರೂ ಮಂಜು, ಕಿಟಕಿಗೆ ಒತ್ತಿ ಬರುವ ಬಂಡೆ, ಮುಂದೆ ಕಾಣದ ತಿರುವು ಎದೆ ನಡುಗಿಸುತ್ತವೆ. ಅದೇ ಬಸ್ಸು ಹಾಸನದಾಚೆಯ ಬಯಲು ಹೆದ್ದಾರಿಯಲ್ಲಿ ಇಮ್ಮಡಿ ವೇಗದಲ್ಲಿ ಓಡಿದರೂ ನಿದ್ದೆ ಬರುತ್ತದೆ. ಕಣ್ಣಿಗೆ ಹತ್ತಿರವಾಗಿ ವಸ್ತುಗಳು ಹಾದುಹೋದಷ್ಟೂ ವೇಗ ಹೆಚ್ಚೆನಿಸುತ್ತದೆ.

ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ 1975ರಲ್ಲಿ ತೆರೆದ ಸ್ಪೇಸ್ ಮೌಂಟನ್ ಎಂಬ, ಕತ್ತಲ ಕಟ್ಟಡದೊಳಗೆ ಓಡುವ ರೋಲರ್ ಕೋಸ್ಟರ್‌ನ ವೇಗ ಗಂಟೆಗೆ ಸುಮಾರು 45 ಕಿ.ಮೀ. ಮಾತ್ರ, ಕತ್ತಲೆಯೇ ಅದರ ಜೀವ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಮನರಂಜನಾ ಉದ್ಯಾನದಲ್ಲಿ ಮರಗಳ ತುದಿಗಿಂತ ಎತ್ತರಕ್ಕೆ ಕಟ್ಟುವಂತಿರಲಿಲ್ಲ. ಹಾಗಾಗಿ 1994ರಲ್ಲಿ ತೆರೆದ, ಹಳಿಯ ಕೆಳಗೆ ಆಸನಗಳು ತೂಗುವ ನೆಮೆಸಿಸ್ ಕೋಸ್ಟರ್‌ಗಾಗಿ ಬಂಡೆಯನ್ನೇ ಅಗೆದರು. ನೇತಾಡುವ ಕಾಲುಗಳ ಪಕ್ಕದಲ್ಲೇ ಕಲ್ಲಿನ ಗೋಡೆ ಸರಿಯುತ್ತದೆ. ಅಲಂಕಾರವೆಂದರೆ ನನ್ನ ಪಾಲಿಗೆ ಇದೇ!

ಅಮೆರಿಕದ ಒಹಾಯೊದಲ್ಲಿರುವ ಮಿಲೇನಿಯಂ ಫೋರ್ಸ್ ಕೋಸ್ಟರ್‌ಗೆ ಇಂಥದ್ದೇನೂ ಬೇಕಿಲ್ಲ, 310 ಅಡಿ ಎತ್ತರವೇ ಸಾಕು. ಆದರೆ ಅಷ್ಟು ಎತ್ತರ ಕಟ್ಟಲು ಎಲ್ಲ ಉದ್ಯಾನಗಳಿಗೂ ಆಗುವುದಿಲ್ಲ. ಅಂಥವರು ಬಾಗಿಲಲ್ಲಿ ಗಾರೆಯ ಬೊಂಬೆ ನಿಲ್ಲಿಸಿ, ಒಳಗೆ ಹಳಿಯನ್ನು ಬಟಾಬಯಲಿನಲ್ಲಿ ಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಹಣದಲ್ಲಿ ಒಂದು ಸುರಂಗ ಕಟ್ಟಬಹುದಿತ್ತು, ಹಳಿಯ ಬದಿಗೆ ನಾಲ್ಕು ಸಾಲು ಬಿದಿರು ನೆಡಬಹುದಿತ್ತು.