ಎರಡು ಪಕ್ಷಗಳ ಮೇಲೆ ನಂಬಿಕೆ ಕಳೆದುಕೊಂಡ ನ್ಯೂಜಿಲೆಂಡ್ ಮತದಾರರು ಮಾಡಿದ್ದೇನು?

ಅಮೆರಿಕದ ಜನರು ಎರಡೂ ಪಕ್ಷಗಳಿಂದ ಬೇಸತ್ತಿದ್ದರೂ ಪ್ರತಿ ಬಾರಿ ಅವನ್ನೇ ಆರಿಸುತ್ತಿದ್ದಾರೆ, ಇಂಥ ವ್ಯವಸ್ಥೆಯನ್ನು ಮತದಾರರೇ ಬದಲಿಸಿದ ದೇಶ ಎಲ್ಲಾದರೂ ಇದೆಯೇ ಎಂದು ತಾವು ಕೇಳಿದ್ದೀರಿ. ಇದೆ, ನಾನು ಹಲವು ವರ್ಷಗಳಿಂದ ನೆಲೆಸಿರುವ ನ್ಯೂಜಿಲೆಂಡ್ ಅಂಥ ದೇಶ. ಇಲ್ಲಿನ ಜನರು ಮೂರನೆಯ ಪಕ್ಷವೊಂದನ್ನು ಗೆಲ್ಲಿಸಿ ಇದನ್ನು ಸಾಧಿಸಲಿಲ್ಲ. ಮತ ಎಣಿಸುವ ರೀತಿಯನ್ನೇ ಬದಲಿಸಿ ಸಾಧಿಸಿದರು.

1990ರ ದಶಕದವರೆಗೂ ಇಲ್ಲಿ ನಮ್ಮ ವಿಧಾನಸಭಾ ಚುನಾವಣೆಯ ಪದ್ಧತಿಯೇ ಇತ್ತು: ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೂ ಅವರು ಗೆದ್ದಂತೆ, ಉಳಿದವರ ಮತಗಳಿಗೆ ಲೆಕ್ಕವಿಲ್ಲ. 1930ರ ದಶಕದಿಂದ ಲೇಬರ್ ಮತ್ತು ನ್ಯಾಷನಲ್ ಪಕ್ಷಗಳೇ ಅಧಿಕಾರವನ್ನು ಹಂಚಿಕೊಂಡು ಬಂದಿದ್ದವು. 1978 ಮತ್ತು 1981ರ ಎರಡೂ ಚುನಾವಣೆಗಳಲ್ಲಿ ದೇಶದಾದ್ಯಂತ ಹೆಚ್ಚು ಮತ ಪಡೆದದ್ದು ಲೇಬರ್, ಸರ್ಕಾರ ಮಾಡಿದ್ದು ನ್ಯಾಷನಲ್. 2018ರಲ್ಲಿ ಕರ್ನಾಟಕದಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ 36ರಷ್ಟು ಪಡೆದ ಬಿಜೆಪಿ ಹೆಚ್ಚು ಸ್ಥಾನ ಗೆದ್ದದ್ದನ್ನು ಕಂಡವರಿಗೆ ಇದು ಹೇಗಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಮೂರನೆಯವರ ಗತಿ ಇನ್ನೂ ಕಷ್ಟದ್ದು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಪಕ್ಷಕ್ಕೆ ಶೇ 20ಕ್ಕೂ ಹೆಚ್ಚು ಮತ ಬಿದ್ದರೂ, 92 ಸ್ಥಾನಗಳ ಸಂಸತ್ತಿನಲ್ಲಿ ಅದಕ್ಕೆ ಸಿಕ್ಕದ್ದು ಎರಡೇ ಸ್ಥಾನ.

ಆದರೆ ಲೆಕ್ಕದ ಅನ್ಯಾಯವೊಂದೇ ಜನರನ್ನು ಕೆರಳಿಸಿತು ಎಂದು ನಾನು ನಂಬುವುದಿಲ್ಲ. ನಿಜವಾಗಿ ಮನಸ್ಸು ಮುರಿದದ್ದು 1984ರ ನಂತರ. ಆ ವರ್ಷ ಡೇವಿಡ್ ಲಾಂಗಿ ಅವರ ನಾಯಕತ್ವದಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಕಾರ್ಮಿಕರ ಪಕ್ಷ. ಹಾಗಿದ್ದೂ ಹಣಕಾಸು ಸಚಿವ ರೋಜರ್ ಡಗ್ಲಸ್ ಅವರು ರೈತರ ಸಬ್ಸಿಡಿಗಳನ್ನು ತೆಗೆದು, ಸರ್ಕಾರಿ ಉದ್ಯಮಗಳನ್ನು ಮಾರಾಟಕ್ಕಿಟ್ಟು, ಆ ಪಕ್ಷಕ್ಕೆ ಮತ ಹಾಕಿದವರು ಊಹಿಸಿಯೂ ಇರದ ದಾರಿಯನ್ನು ಹಿಡಿದರು. ಸಿಟ್ಟಿಗೆದ್ದ ಜನರು 1990ರಲ್ಲಿ ನ್ಯಾಷನಲ್ ಪಕ್ಷವನ್ನು ಭಾರಿ ಬಹುಮತದಿಂದ ಆರಿಸಿದರು. ಆ ಸರ್ಕಾರವು ಹಳೆಯ ದಾರಿಯಲ್ಲೇ ಇನ್ನಷ್ಟು ದೂರ ಹೋಯಿತು: ನಿರುದ್ಯೋಗಿಗಳಿಗೂ ಒಂಟಿ ಪೋಷಕರಿಗೂ ಸಿಗುತ್ತಿದ್ದ ನೆರವನ್ನು 1991ರಲ್ಲಿ ಕಡಿತಗೊಳಿಸಿತು, ಪಿಂಚಣಿದಾರರ ಮೇಲಿನ ಹೆಚ್ಚುವರಿ ತೆರಿಗೆಯನ್ನು ತೆಗೆಯುತ್ತೇವೆಂದು ಕೊಟ್ಟ ಮಾತನ್ನೂ ಮುರಿಯಿತು. ಇಲ್ಲಿ ಮೇಲ್ಮನೆಯನ್ನು 1950ರಲ್ಲೇ ರದ್ದುಪಡಿಸಿದ್ದರಿಂದ, ಬಹುಮತವಿರುವ ಸಚಿವ ಸಂಪುಟವನ್ನು ತಡೆದು ನಿಲ್ಲಿಸುವ ಇನ್ನೊಂದು ಸಭೆಯೂ ಇರಲಿಲ್ಲ. ಒಂದು ಪಕ್ಷವನ್ನು ಶಿಕ್ಷಿಸಲು ಇನ್ನೊಂದನ್ನು ತಂದು, ಅದೂ ಹಾಗೆಯೇ ಎಂದು ಕಂಡ ಮೇಲೆ, ಜನರ ಪ್ರಶ್ನೆ ಪಕ್ಷಗಳನ್ನು ಬಿಟ್ಟು ಪದ್ಧತಿಯ ಕಡೆಗೆ ತಿರುಗಿತು.

ಉತ್ತರ ಅಷ್ಟರೊಳಗೆ ಸಿದ್ಧವಾಗಿತ್ತು. ಸರ್ಕಾರವೇ ನೇಮಿಸಿದ್ದ ರಾಯಲ್ ಕಮಿಷನ್ 1986ರಲ್ಲಿ ಜರ್ಮನಿಯ ಮಾದರಿಯ ಮಿಶ್ರ ಅನುಪಾತ ಪದ್ಧತಿಯನ್ನು, ಅಂದರೆ ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಕೊಡುವ ಪದ್ಧತಿಯನ್ನು, ಶಿಫಾರಸು ಮಾಡಿತ್ತು. ಎರಡು ಪಕ್ಷಗಳಿಗೂ ಅದು ಬೇಡವಾಗಿತ್ತು. ಆದರೆ ಒಬ್ಬರನ್ನೊಬ್ಬರು ಮುಜುಗರಕ್ಕೆ ಸಿಲುಕಿಸುವ ಭರದಲ್ಲಿ ಎರಡೂ ಜನಮತಗಣನೆಯ ಭರವಸೆ ಕೊಟ್ಟುಬಿಟ್ಟವು. 1992ರ ಮೊದಲ ಜನಮತಗಣನೆಯಲ್ಲಿ ಶೇ 84ಕ್ಕೂ ಹೆಚ್ಚು ಮಂದಿ ಬದಲಾವಣೆ ಬೇಕೆಂದರು. ಉದ್ಯಮಿಗಳ ನೇತೃತ್ವದ ದುಬಾರಿ ವಿರೋಧ ಪ್ರಚಾರದ ನಡುವೆಯೂ 1993ರ ನವೆಂಬರ್ 6ರ ಅಂತಿಮ ಮತದಾನದಲ್ಲಿ ಸುಮಾರು ಶೇ 54ರಷ್ಟು ಮತದಿಂದ ಹೊಸ ಪದ್ಧತಿ ಗೆದ್ದಿತು. ಅದೇ ದಿನ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ನ್ಯಾಷನಲ್ ಪಕ್ಷವು ಶೇ 35ರಷ್ಟು ಮತದೊಂದಿಗೆ 99ರಲ್ಲಿ 50 ಸ್ಥಾನ ಪಡೆದರೆ, ಶೇ 18ರಷ್ಟು ಮತ ಪಡೆದ ಅಲಯನ್ಸ್ ಪಕ್ಷಕ್ಕೆ ಸಿಕ್ಕದ್ದು ಮತ್ತೆ ಎರಡೇ.

ಇಲ್ಲಿ ಕಾಯಂ ನಿವಾಸಿಗಳಿಗೂ ಮತದಾನದ ಹಕ್ಕಿದೆ, ಆದ್ದರಿಂದ ಪೌರತ್ವ ಪಡೆಯುವ ಮೊದಲೇ ನಾನು ಮತ ಹಾಕಿದೆ. ಒಂದು ಗುರುತು ಪಕ್ಷಕ್ಕೆ, ಇನ್ನೊಂದು ಕ್ಷೇತ್ರದ ಅಭ್ಯರ್ಥಿಗೆ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಲ ಎಂಬುದನ್ನು ಮೊದಲನೆಯದು ತೀರ್ಮಾನಿಸುತ್ತದೆ. ಶೇ 5ರಷ್ಟು ಮತವನ್ನೋ ಒಂದು ಕ್ಷೇತ್ರವನ್ನೋ ಗೆದ್ದ ಪಕ್ಷಕ್ಕೆ ಅದರ ಪಾಲು ದೊರೆಯುತ್ತದೆ. ಊರಿನಲ್ಲಿ ನನ್ನ ತಂದೆಯವರು ಪ್ರತಿ ಚುನಾವಣೆಯಲ್ಲೂ ಗೆಲ್ಲದವನಿಗೆ ಹಾಕಿ ವೋಟು ಹಾಳು ಮಾಡಬೇಡ ಎನ್ನುತ್ತಿದ್ದರು, ನಾನೂ ಹಾಗೆಯೇ ನಡೆದುಕೊಂಡಿದ್ದೆ. ಮನಸ್ಸಿಗೆ ಒಪ್ಪಿದ ಸಣ್ಣ ಪಕ್ಷಕ್ಕೆ ಅಳುಕಿಲ್ಲದೆ ಗುರುತು ಹಾಕಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಹೊಸ ಪದ್ಧತಿ ಎಲ್ಲ ಬೇಸರವನ್ನೂ ಕಳೆಯಿತು ಎಂದರೆ ಸುಳ್ಳಾಗುತ್ತದೆ. 1996ರ ಮೊದಲ ಚುನಾವಣೆಯ ನಂತರ ನ್ಯೂಜಿಲೆಂಡ್ ಫಸ್ಟ್ ಪಕ್ಷವು ಎರಡು ತಿಂಗಳ ಹತ್ತಿರ ಮಾತುಕತೆ ನಡೆಸಿ, ಕೊನೆಗೆ ತನ್ನ ಬಹಳಷ್ಟು ಮತದಾರರ ನಿರೀಕ್ಷೆಗೆ ವಿರುದ್ಧವಾಗಿ ನ್ಯಾಷನಲ್ ಜೊತೆ ಸೇರಿತು, ಹಳೆಯದೇ ವಾಸಿ ಎಂದವರು ಆಗ ಅನೇಕರು. ಶೇ 5ರ ಮಿತಿಯನ್ನು 4ಕ್ಕೆ ಇಳಿಸಿ ಎಂಬ ಚುನಾವಣಾ ಆಯೋಗದ 2012ರ ಸಲಹೆಯನ್ನು ಸರ್ಕಾರ ಜಾರಿಗೆ ತರಲಿಲ್ಲ, ಅದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೂ 2011ರಲ್ಲಿ ಮತ್ತೊಮ್ಮೆ ಕೇಳಿದಾಗ ಸುಮಾರು ಶೇ 58ರಷ್ಟು ಜನರು ಹೊಸ ಪದ್ಧತಿಯನ್ನೇ ಉಳಿಸಿಕೊಂಡರು.

ಇನ್ನು ತಮ್ಮ ಅಮೆರಿಕದ ಪ್ರಶ್ನೆ. 1992ರಲ್ಲಿ ಎರಡೂ ಪಕ್ಷಗಳ ಹೊರಗಿನಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ರಾಸ್ ಪೆರೋ ಅವರು ಸುಮಾರು ಶೇ 19ರಷ್ಟು ಮತ ಪಡೆದರೂ, ಅಧ್ಯಕ್ಷರನ್ನು ಕೊನೆಗೆ ಆರಿಸುವ ಎಲೆಕ್ಟೋರಲ್ ಕಾಲೇಜಿನ 538 ಮತಗಳಲ್ಲಿ ಅವರಿಗೆ ಒಂದೂ ಬರಲಿಲ್ಲ. ಆದ್ದರಿಂದ ಮೂರನೆಯ ಪಕ್ಷಕ್ಕೆ ಮತ ಹಾಕಿದರಷ್ಟೇ ಸಾಲದು ಎನ್ನುತ್ತೇನೆ. ಅಲ್ಲಿ ರಾಷ್ಟ್ರವ್ಯಾಪಿ ಜನಮತಗಣನೆಗೆ ಅವಕಾಶವೇ ಇಲ್ಲ. ಪ್ರತಿನಿಧಿ ಸಭೆಗೆ ಒಂದು ಕ್ಷೇತ್ರಕ್ಕೆ ಒಬ್ಬರೇ ಎಂಬ 1967ರ ಕಾನೂನನ್ನು ಬದಲಿಸಬೇಕಾದವರು ಅದೇ ಎರಡು ಪಕ್ಷಗಳ ಸದಸ್ಯರು. ದಾರಿ ಇರುವುದು ರಾಜ್ಯಗಳಲ್ಲಿ. ಶೇ 38ಕ್ಕಿಂತ ಕಡಿಮೆ ಮತ ಪಡೆದವರು 2010ರಲ್ಲಿ ಗವರ್ನರ್ (ಅಲ್ಲಿ ರಾಜ್ಯದ ಚುನಾಯಿತ ಆಡಳಿತ ಮುಖ್ಯಸ್ಥರು) ಆದದ್ದನ್ನು ಕಂಡ ಮೇನ್ ರಾಜ್ಯದ ಮತದಾರರು, ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಪದ್ಧತಿಯನ್ನು 2016ರಲ್ಲಿ ತಾವೇ ಮತ ಹಾಕಿ ತಂದರು. 2020ರಲ್ಲಿ ಅಲಾಸ್ಕಾ ಕೂಡ ಅದನ್ನು ಒಪ್ಪಿತು. 2024ರಲ್ಲಿ ಕೊಲೊರಾಡೊ, ಐಡಹೊ, ನೆವಾಡ, ಒರೆಗಾನ್ ರಾಜ್ಯಗಳ ಮತದಾರರು ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿದ ದಿನವೇ, ಅಲಾಸ್ಕಾದಲ್ಲಿ ಅದನ್ನು ರದ್ದುಮಾಡುವ ಪ್ರಯತ್ನ ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಸೋತಿತು.